ವರ್ಷದ ಗೇಮ್ ಪ್ರಶಸ್ತಿ: ಓದುಗರ ತಕರಾರು, ನಮ್ಮ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಜಗಳದ ಕವಲುಗಳು: ಪ್ರಶಸ್ತಿ ಗೆದ್ದ ವಿಡಿಯೊ ಗೇಮ್ ಗೆಲ್ಲಬೇಕಿತ್ತೇ? ನಾವು ಆಟಕ್ಕಿಂತ ಮೊದಲು ಮತಪೆಟ್ಟಿಗೆಯನ್ನು ಬಿಚ್ಚಿ ನೋಡಿದ್ದೇವೆ.

ಪ್ರಶ್ನೆ: 2021ರ ಆಟಗಳಲ್ಲಿ ದಿ ಗೇಮ್ ಅವಾರ್ಡ್ಸ್ ‘ಇಟ್ ಟೇಕ್ಸ್ ಟೂ’ವನ್ನು ಆರಿಸಿತು, ಬಾಫ್ಟಾ ‘ರಿಟರ್ನಲ್’ ಅನ್ನು, ಗೋಲ್ಡನ್ ಜಾಯ್‌ಸ್ಟಿಕ್ ‘ರೆಸಿಡೆಂಟ್ ಈವಿಲ್ ವಿಲೇಜ್’ ಅನ್ನು. ಒಂದು ವರ್ಷಕ್ಕೆ ಮೂರು ‘ಅತ್ಯುತ್ತಮ’ ಆಟಗಳೇ? ಯಾರನ್ನು ನಂಬೋಣ?

ನಾಲ್ಕು ಅನ್ನಿ. ಗೇಮ್ ಡೆವಲಪರ್ಸ್ ಚಾಯ್ಸ್ ಪ್ರಶಸ್ತಿ ಆ ವರ್ಷ ಹೋದದ್ದು ‘ಇನ್‌ಸ್ಕ್ರಿಪ್ಷನ್’ಗೆ. ನಾಲ್ಕೂ ಕಡೆ ವೋಟು ಹಾಕುವವರು ಬೇರೆ ಬೇರೆ. ದಿ ಗೇಮ್ ಅವಾರ್ಡ್ಸ್‌ನಲ್ಲಿ ಬಹುಪಾಲು ಪತ್ರಕರ್ತರು. ಬಾಫ್ಟಾದಲ್ಲಿ ಉದ್ಯಮದ ಒಳಗಿನ ಸದಸ್ಯರು, ತಜ್ಞರು. ಡೆವಲಪರ್ಸ್ ಚಾಯ್ಸ್‌ನಲ್ಲಿ ಆಟ ಕಟ್ಟುವವರೇ. 1983ರಿಂದ ನಡೆಯುತ್ತಿರುವ ಗೋಲ್ಡನ್ ಜಾಯ್‌ಸ್ಟಿಕ್‌ನಲ್ಲಿ ಮುಖ್ಯ ಪ್ರಶಸ್ತಿ ಜನರ ವೋಟಿನದು. ಜನರ ವೋಟಿನಲ್ಲಿ ಹೆಸರಾದ ಸರಣಿಗೆ ಅನುಕೂಲ ಜಾಸ್ತಿ, ಏಕೆಂದರೆ ಆಡಿದವರ ಸಂಖ್ಯೆಯೇ ದೊಡ್ಡದು. ಆಟ ಕಟ್ಟುವವರ ಕಣ್ಣು ಬೇರೆ ಕಡೆ ಇರುತ್ತದೆ. ಕಾರ್ಡ್ ಆಟದಂತೆ ಶುರುವಾಗಿ ನಡುವೆ ತನ್ನ ನಿಯಮಗಳನ್ನೇ ಮುರಿದು ಹಾಕುವ ‘ಇನ್‌ಸ್ಕ್ರಿಪ್ಷನ್’ ಅಂಥವರಿಗೆ ‘ಅರೆ, ಇದನ್ನು ಹೀಗೂ ಮಾಡಬಹುದಿತ್ತಲ್ಲ’ ಅನ್ನಿಸುವ ಕೆಲಸ.

2019ರ ಆಟಗಳ ಕಥೆಯೂ ಇದೇ. ಪತ್ರಕರ್ತರ ಜ್ಯೂರಿ ‘ಸೆಕಿರೊ’ ಅಂದಿತು. ಡೈಸ್ (ಅದೂ ಉದ್ಯಮದ ಒಳಗಿನವರೇ ಕೊಡುವ ಪ್ರಶಸ್ತಿ) ಮತ್ತು ಡೆವಲಪರ್ಸ್ ಚಾಯ್ಸ್ ಎರಡೂ, ಊರಿನವರನ್ನು ಗೋಳು ಹೊಯ್ದುಕೊಳ್ಳುವ ಹೆಬ್ಬಾತಿನ ಆಟ ‘ಅನ್‌ಟೈಟಲ್ಡ್ ಗೂಸ್ ಗೇಮ್’ಗೆ ಮಣೆ ಹಾಕಿದವು. ಬಾಫ್ಟಾ ‘ಔಟರ್ ವೈಲ್ಡ್ಸ್’ ಅಂದಿತು. ನಮ್ಮ ಸಲಹೆ ಇಷ್ಟೆ: ನಿಮ್ಮ ರುಚಿಗೆ ಯಾವ ಮತದಾರರ ಗುಂಪು ಹತ್ತಿರ ಅಂತ ಹಿಂದಿನ ಐದಾರು ವರ್ಷದ ಪಟ್ಟಿ ನೋಡಿ ಗುರುತಿಸಿಕೊಳ್ಳಿ, ಆಮೇಲೆ ಅದೊಂದನ್ನೇ ಹಿಂಬಾಲಿಸಿ. ‘ಬಾಲ್ಡರ್ಸ್ ಗೇಟ್ 3’ ಬಂದ 2023ರಲ್ಲಿ ಈ ಎಲ್ಲ ಗುಂಪುಗಳೂ ಒಂದೇ ಹೆಸರು ಹೇಳಿದ್ದವು. ಅಂಥ ವರ್ಷ ಅಪರೂಪ.

ಪ್ರಶ್ನೆ: ದಿ ಗೇಮ್ ಅವಾರ್ಡ್ಸ್‌ನಲ್ಲಿ ನಾವು ಹಾಕುವ ವೋಟಿಗೆ ಶೇ 10ರಷ್ಟೇ ಬೆಲೆಯಂತೆ. ಹಾಗಾದರೆ ಹಾಕುವುದೇಕೆ?

ಮುಖ್ಯ ವಿಭಾಗಗಳಲ್ಲಿ ಜ್ಯೂರಿಯ ಪಾಲು ಶೇ 90, ಸಾರ್ವಜನಿಕರದು ಶೇ 10. ಜ್ಯೂರಿ ಅಂದರೆ ಬೇರೆ ಬೇರೆ ದೇಶಗಳ ನೂರಕ್ಕೂ ಹೆಚ್ಚು ಮಾಧ್ಯಮ ಸಂಸ್ಥೆಗಳು, ಸಂಸ್ಥೆಗೆ ಒಂದು ಮತಪತ್ರ. ನಾಮನಿರ್ದೇಶನದ ಪಟ್ಟಿ ಮಾಡುವುದೂ ಅವರೇ. ನಿಮ್ಮ ವೋಟಿಗೆ ಬಾಗಿಲು ತೆರೆಯುವುದು ಪಟ್ಟಿ ಹೊರಬಿದ್ದ ಮೇಲೆ. ಆದ್ದರಿಂದ ನಿಮ್ಮಿಷ್ಟದ ಆಟ ಪಟ್ಟಿಯಲ್ಲೇ ಇಲ್ಲದಿದ್ದರೆ ಲಕ್ಷ ವೋಟು ಬಿದ್ದರೂ ಏನೂ ಆಗದು.

ಇನ್ನು ಶೇ 10ರ ತಾಕತ್ತು. ಎರಡೇ ಆಟಗಳ ನಡುವೆ ಪೈಪೋಟಿ, ವೋಟಿನ ಪ್ರಮಾಣದಲ್ಲೇ ಅಂಕ ಹಂಚುತ್ತಾರೆ ಅಂದುಕೊಳ್ಳಿ. ಜ್ಯೂರಿ 55–45 ಅಂತ ಮೊದಲ ಆಟದ ಕಡೆ, ಜನ ಪೂರ್ತಿ ಎರಡನೆಯದರ ಕಡೆ. ಮೊದಲನೆಯದಕ್ಕೆ 49.5, ಎರಡನೆಯದಕ್ಕೆ 40.5 ಮತ್ತು 10 ಸೇರಿ 50.5. ಜನ ಗೆದ್ದರು. ಆದರೆ ಜ್ಯೂರಿ 56–44 ಆದರೆ ಸಾಕು, 50.4ಕ್ಕೆ 49.6, ಮೊದಲನೆಯದೇ ಗೆದ್ದಿತು. ಜನರೆಲ್ಲ ಒಂದೇ ಕಡೆ ನಿಲ್ಲುವುದಂತೂ ಕನಸಿನ ಮಾತು. ಅವರು 60–40 ಆಗಿ ಒಡೆದರೆ ಸಿಗುವ ಮುನ್ನಡೆ ಬರೀ 2 ಅಂಕ. ಜ್ಯೂರಿ ಕೂದಲೆಳೆಯಲ್ಲಿ ನಿಂತಿದ್ದರೆ ಮಾತ್ರ ಅದು ಫಲಿತಾಂಶ ತಿರುಗಿಸುತ್ತದೆ. ಪೂರ್ತಿ ಜನರ ಕೈಲಿರುವುದು ‘ಪ್ಲೇಯರ್ಸ್ ವಾಯ್ಸ್’ ವಿಭಾಗ. 2024ರಲ್ಲಿ ಜ್ಯೂರಿ ‘ಆಸ್ಟ್ರೋ ಬಾಟ್’ ಅಂದಾಗ ಅಲ್ಲಿ ಗೆದ್ದದ್ದು ‘ಬ್ಲ್ಯಾಕ್ ಮಿತ್: ವುಕಾಂಗ್’.

ಪ್ರಶ್ನೆ: ಅದೇ 2024ರ ಆರು ಆಟಗಳ ಪಟ್ಟಿಯಲ್ಲಿ ‘ಎಲ್ಡೆನ್ ರಿಂಗ್’ನ ಡಿಎಲ್‌ಸಿ (ಮೂಲ ಆಟಕ್ಕೆ ಆಮೇಲೆ ಸೇರಿಸುವ ಹೆಚ್ಚುವರಿ ಭಾಗ) ಕೂಡ ಇತ್ತಲ್ಲ! ಹಳೆ ಆಟದ ಬಾಲಕ್ಕೆ ಹೊಸ ಆಟದ ಪ್ರಶಸ್ತಿಯೇ?

ನಿಯಮ ಅದನ್ನು ತಡೆಯುವುದಿಲ್ಲ. ಡಿಎಲ್‌ಸಿ, ರಿಮೇಕ್ (ಹಳೆ ಆಟವನ್ನು ಹೊಸದಾಗಿ ಕಟ್ಟಿದ್ದು), ರಿಮಾಸ್ಟರ್ (ಹಳೆಯದಕ್ಕೇ ಹೊಳಪು ಕೊಟ್ಟದ್ದು) ಯಾವುದಾದರೂ ಸ್ಪರ್ಧಿಸಬಹುದು ಎಂದು ಆಯೋಜಕರು ಆ ವರ್ಷ ಸ್ಪಷ್ಟವಾಗಿಯೇ ಹೇಳಿದ್ದರು. ಗೆದ್ದಿತೇ ಅಂದರೆ, ಇಲ್ಲ.

ನಿಯಮ ಇರಲಿ, ನಮ್ಮ ಅಭಿಪ್ರಾಯ ಬೇರೆ. ‘ಶ್ಯಾಡೋ ಆಫ್ ದಿ ಎರ್ಡ್‌ಟ್ರೀ’ ಎಂಬ ಆ ಡಿಎಲ್‌ಸಿಯೊಳಗೆ ಕಾಲಿಡಬೇಕಾದರೆ ಮೂಲ ಆಟ ನಿಮ್ಮಲ್ಲಿರಬೇಕು, ಅದರಲ್ಲಿ ರಾಡಾನ್ ಮತ್ತು ಮೋಗ್ ಎಂಬ ಎರಡು ಬಾಸ್‌ಗಳನ್ನು (ದೊಡ್ಡ ಶತ್ರುಗಳನ್ನು) ಮುಗಿಸಿರಬೇಕು. ಅಂದರೆ ಹತ್ತಾರು ಗಂಟೆ 2022ರ ಆಟ ಆಡಿದ ಮೇಲಷ್ಟೇ 2024ರ ಆಟದ ಬಾಗಿಲು. ಕತ್ತಿ, ಮಂತ್ರ, ಓಡಾಟ, ಎಲ್ಲಕ್ಕೂ ಅಡಿಪಾಯ ಹಾಕಿದ್ದು 2022ರ ಕೆಲಸ, ಅದಕ್ಕೆ ಆ ವರ್ಷವೇ ಪ್ರಶಸ್ತಿಯೂ ಸಂದಿದೆ. ರಿಮೇಕ್ ವಿಷಯದಲ್ಲಿ ನಾವು ಇಷ್ಟು ಬಿಗಿಯಾಗಿಲ್ಲ. ‘ಫೈನಲ್ ಫ್ಯಾಂಟಸಿ 7 ರೀಬರ್ತ್’ 1997ರ ಕಥೆಯನ್ನೇ ಎತ್ತಿಕೊಂಡಿದ್ದರೂ ಕಾಳಗದ ಪದ್ಧತಿ, ನಕ್ಷೆ, ದೃಶ್ಯಗಳನ್ನೆಲ್ಲ ತಳದಿಂದ ಕಟ್ಟಿದೆ, ಹಳೆಯ ಡಿಸ್ಕ್ ಇಲ್ಲದೆ ಓಡುತ್ತದೆ. ವಾದಕ್ಕೆ ಕೂತಾಗ ಇದೊಂದು ಅಳತೆಗೋಲು ಇಟ್ಟುಕೊಳ್ಳಿ: ಈ ಆಟವೊಂದನ್ನೇ ಕೊಂಡವನು ಆಡಬಲ್ಲನೇ?

ಪ್ರಶ್ನೆ: ಇಂಡೀ ಅಂದರೆ ಏನು ಸ್ವಾಮಿ? ದೊಡ್ಡ ಕಂಪನಿಯ ಆಟವೂ ಅಲ್ಲಿ ಕಾಣಿಸಿಕೊಳ್ಳುತ್ತದೆ.

ಇಂಡೀ ಅಂದರೆ ಇಂಡಿಪೆಂಡೆಂಟ್, ಸ್ವತಂತ್ರ ಆಟ. 2023ರಲ್ಲಿ ‘ಡೇವ್ ದಿ ಡೈವರ್’ ದಿ ಗೇಮ್ ಅವಾರ್ಡ್ಸ್‌ನ ಇಂಡೀ ವಿಭಾಗದಲ್ಲಿ ಕಾಣಿಸಿಕೊಂಡಾಗ ಎದ್ದ ಗಲಾಟೆ ಇದೇ. ಅದನ್ನು ಮಾಡಿದ ಮಿಂಟ್‌ರಾಕೆಟ್ ಆಗ ನೆಕ್ಸಾನ್ ಎಂಬ ದೈತ್ಯ ಕಂಪನಿಯ ಅಂಗ. ಪಿಕ್ಸೆಲ್ ಚಿತ್ರ, ಚಿಕ್ಕ ತಂಡ, ಕಡಿಮೆ ಬೆಲೆ ನೋಡಿ ಜ್ಯೂರಿ ಅದನ್ನು ಇಂಡೀ ಅಂದುಕೊಂಡಿತು. ಅದೇ ವರ್ಷದ ‘ಬಾಲ್ಡರ್ಸ್ ಗೇಟ್ 3’ ಮಾಡಿದ ಲಾರಿಯನ್ ತನ್ನ ಆಟವನ್ನು ತಾನೇ ಪ್ರಕಟಿಸಿದ ಸ್ಟುಡಿಯೊ, ಆದರೆ ಅಲ್ಲಿ ಕೆಲಸ ಮಾಡುವವರು ನೂರಾರು. ಅದನ್ನು ಜ್ಯೂರಿ ಇಂಡೀ ಅನ್ನಲಿಲ್ಲ. ‘ಬಲಾಟ್ರೋ’ ಒಬ್ಬನೇ ಡೆವಲಪರ್‌ನ ಆಟ, ಆದರೂ ಅದಕ್ಕೆ ಪ್ಲೇಸ್ಟ್ಯಾಕ್ ಎಂಬ ಪಬ್ಲಿಷರ್ ಇದ್ದರು.

ಹಣ ಯಾರದು, ಪ್ರಕಟಿಸಿದವರು ಯಾರು, ತಂಡ ಎಷ್ಟು ದೊಡ್ಡದು ಎಂಬ ಮೂರು ಪ್ರಶ್ನೆಗಳನ್ನು ಒಂದೇ ಪದದಲ್ಲಿ ತುರುಕಿದ್ದರಿಂದಲೇ ಈ ಗೊಂದಲ. ನಮಗೆ ಮೊದಲನೆಯದೇ ನಿರ್ಣಾಯಕ. ಆಟ ಮುಳುಗಿದರೆ ನಷ್ಟ ತುಂಬಿಕೊಡುವ ತಾಯಿ ಕಂಪನಿ ಇದ್ದರೆ ಅದು ಇಂಡೀ ಅಲ್ಲ.

ಪ್ರಶ್ನೆ: ಮೆಟಾಕ್ರಿಟಿಕ್ (ವಿಮರ್ಶಕರ ಅಂಕಗಳ ಸರಾಸರಿ ಹಾಕುವ ಜಾಲತಾಣ) ಅಂಕ ನೋಡಿ ಪ್ರಶಸ್ತಿ ಕೊಟ್ಟರೆ ಜಗಳವೇ ಇರುವುದಿಲ್ಲ, ಅಲ್ಲವೇ?

2023ರಲ್ಲಿ ‘ಬಾಲ್ಡರ್ಸ್ ಗೇಟ್ 3’ಕ್ಕೂ 96, ‘ಜೆಲ್ಡಾ: ಟಿಯರ್ಸ್ ಆಫ್ ದಿ ಕಿಂಗ್ಡಮ್’ಗೂ 96. ಈಗ ಹೇಳಿ. ಅದೂ ಅಲ್ಲದೆ ಐದಕ್ಕೆ ನಾಲ್ಕು ನಕ್ಷತ್ರ ಕೊಟ್ಟರೆ 80, ಐದು ಕೊಟ್ಟರೆ 100 ಎಂದು ಎಣಿಕೆ. ಪೂರ್ತಿ ನಕ್ಷತ್ರಗಳನ್ನಷ್ಟೇ ಕೊಡುವ ವಿಮರ್ಶಕನಿಗೆ 90 ಎಂಬ ಅಂಕವೇ ಇಲ್ಲ. ಒಂದೆರಡು ಅಂಕದ ವ್ಯತ್ಯಾಸ ಹಿಡಿದು ವಾದಿಸಬೇಡಿ.

ಪ್ರಶ್ನೆ: ಸ್ಟೀಮ್ (ಪಿಸಿ ಆಟಗಳ ಆನ್‌ಲೈನ್ ಅಂಗಡಿ) ತನ್ನ ಬಳಕೆದಾರರ ವೋಟಿನಿಂದ ಕೊಡುವ ಪ್ರಶಸ್ತಿಗಳಲ್ಲಿ ಕೆಲವು ಸಲ ತಮಾಷೆಯಂಥ ಫಲಿತಾಂಶ ಬರುವುದೇಕೆ?

ಕೆಲವೊಮ್ಮೆ ಅದು ನಿಜಕ್ಕೂ ತಮಾಷೆಯೇ. ಆಟ ಬಿಡುಗಡೆಯಾಗಿ ಕಾಲವಾದರೂ ಕೈಬಿಡದೆ ಸಾಕುತ್ತಿರುವ ತಂಡಕ್ಕೆ ಅಂತ ‘ಲೇಬರ್ ಆಫ್ ಲವ್’ ವಿಭಾಗ ಇದೆ. 2023ರಲ್ಲಿ ಅದನ್ನು ಗೆದ್ದದ್ದು ‘ರೆಡ್ ಡೆಡ್ ರಿಡೆಂಪ್ಷನ್ 2’. ಅದರ ಆನ್‌ಲೈನ್ ಭಾಗಕ್ಕೆ ಇನ್ನು ದೊಡ್ಡ ಅಪ್‌ಡೇಟ್ ಕೊಡುವುದಿಲ್ಲವೆಂದು ಕಂಪನಿ 2022ರಲ್ಲೇ ಹೇಳಿ ಕೈ ತೊಳೆದುಕೊಂಡಿತ್ತು! ಅದೇ ಸಲ ಅತ್ಯಂತ ಹೊಸತನದ ಆಟ ಎಂಬ ಬಿರುದು ‘ಸ್ಟಾರ್‌ಫೀಲ್ಡ್’ಗೆ ಹೋಯಿತು.

ಕುಹಕದ ವೋಟು ಒಂದು ಕಾರಣ, ಹೆಸರು ಗೊತ್ತಿರುವುದಕ್ಕೆ ಒತ್ತಿ ಮುಂದೆ ಹೋಗುವುದು ಇನ್ನೊಂದು. ನಾಮನಿರ್ದೇಶನದ ಹಂತದಲ್ಲಿ ಪ್ರೊಫೈಲಿಗೆ ಬ್ಯಾಡ್ಜ್ ಸಿಗುತ್ತದೆ, ಎಲ್ಲ ವಿಭಾಗ ತುಂಬಿದರೆ ಅದರ ಮಟ್ಟ ಏರುತ್ತದೆ. ಹಾಗಾಗಿ ಆಡದ ಆಟಗಳ ವಿಭಾಗದಲ್ಲೂ ಜನ ಏನಾದರೊಂದು ಒತ್ತುತ್ತಾರೆ. ಹೋಲಿಕೆಗೆ ದಿ ಗೇಮ್ ಅವಾರ್ಡ್ಸ್‌ನ ‘ಬೆಸ್ಟ್ ಆನ್‌ಗೋಯಿಂಗ್’ ವಿಭಾಗ ನೋಡಿ. 2016ರಲ್ಲಿ ಬೈಸಿಕೊಂಡು ಬಂದ ‘ನೋ ಮ್ಯಾನ್ಸ್ ಸ್ಕೈ’ 2020ರಲ್ಲಿ, 2020ರಲ್ಲಿ ಎಡವಿದ ‘ಸೈಬರ್‌ಪಂಕ್ 2077’ 2023ರಲ್ಲಿ ಅಲ್ಲಿ ಗೆದ್ದವು. ಎರಡೂ ವರ್ಷಗಟ್ಟಲೆ ರಿಪೇರಿ ಮಾಡಿಸಿಕೊಂಡ ಆಟಗಳು.

ಪ್ರಶ್ನೆ: ಡಿಸೆಂಬರಿನಲ್ಲಿ ಬಂದ ಆಟಕ್ಕೆ ಅನ್ಯಾಯವಾಗುವುದಿಲ್ಲವೇ?

ದಿ ಗೇಮ್ ಅವಾರ್ಡ್ಸ್‌ನ ಗಡುವು ಸಾಮಾನ್ಯವಾಗಿ ನವೆಂಬರ್ ಮೂರನೇ ವಾರದ ಆಸುಪಾಸಿಗೆ ಬೀಳುತ್ತದೆ, ಆಮೇಲೆ ಬಂದದ್ದು ಮುಂದಿನ ವರ್ಷದ ಲೆಕ್ಕ. 2018ರ ಡಿಸೆಂಬರ್ 7ಕ್ಕೆ ಬಂದ ‘ಸೂಪರ್ ಸ್ಮ್ಯಾಶ್ ಬ್ರೋಸ್ ಅಲ್ಟಿಮೇಟ್’ 2019ರಲ್ಲಿ ಅತ್ಯುತ್ತಮ ಫೈಟಿಂಗ್ ಗೇಮ್ ಆಯಿತು. ನಿಜವಾದ ಅನ್ಯಾಯ ಆಗುವುದು ನವೆಂಬರ್ ಮಧ್ಯದಲ್ಲಿ ಬಂದ ಎಪ್ಪತ್ತು ಗಂಟೆಯ ಆಟಕ್ಕೆ. ಜ್ಯೂರಿಯ ಎಷ್ಟು ಜನ ಅದನ್ನು ಮುಗಿಸಿಯಾರು?

ಪ್ರಶ್ನೆ: ನಾವು ಹನ್ನೆರಡು ಗೆಳೆಯರು ವರ್ಷಾಂತ್ಯಕ್ಕೆ ನಮ್ಮದೇ ಪ್ರಶಸ್ತಿ ಕೊಡುತ್ತೇವೆ. ಕೈ ಎತ್ತಿಸಿ ಎಣಿಸಿದರೆ ಪ್ರತಿ ಸಲ ಜಗಳ. ಸರಿಯಾದ ವಿಧಾನ ಯಾವುದು?

ಕೈ ಎತ್ತಿಸುವುದೇ ತಪ್ಪು. ನಿಮ್ಮ ಗುಂಪಿನ ವೋಟು ಹೀಗೆ ಬಿತ್ತು ಅನ್ನಿ: ‘ವುಕಾಂಗ್’ಗೆ 5, ‘ಮೆಟಫರ್: ರೀಫಾಂಟಾಜಿಯೊ’ಗೆ 4, ‘ರೀಬರ್ತ್’ಗೆ 3. ವುಕಾಂಗ್ ಗೆದ್ದಿತು. ಆದರೆ ಉಳಿದ ಏಳು ಜನ ದೀರ್ಘ ಕಥೆಯ ಜಪಾನಿ ಆರ್‌ಪಿಜಿ (ಪಾತ್ರವೊಂದನ್ನು ವಹಿಸಿಕೊಂಡು ಬೆಳೆಸುತ್ತ ಆಡುವ ಆಟ) ಮೆಚ್ಚುವವರು. ಅವರ ವೋಟು ಎರಡು ಹೋಳಾದದ್ದೇ ವುಕಾಂಗ್ ಗೆಲುವಿಗೆ ಕಾರಣ.

ಆದ್ದರಿಂದ ಪ್ರತಿಯೊಬ್ಬರಿಂದ ಒಂದು, ಎರಡು, ಮೂರು ಅಂತ ಕ್ರಮವಾಗಿ ಬರೆಸಿ 3, 2, 1 ಅಂಕ ಕೊಡಿ. ವುಕಾಂಗ್‌ನ ಐವರು ಎರಡನೆಯದಾಗಿ ಮೆಟಫರ್ ಬರೆದರು, ಆರ್‌ಪಿಜಿಯವರು ಪರಸ್ಪರರ ಆಟ ಬರೆದರು ಅನ್ನೋಣ. ಮೆಟಫರ್ 28, ವುಕಾಂಗ್ 22, ರೀಬರ್ತ್ 22. ಗುಂಪಿನ ಮನಸ್ಸಿಗೆ ಇದು ಹತ್ತಿರ.

ಇದರಲ್ಲೂ ಒಂದು ತೂತು ಇದೆ. ಮೆಟಫರ್ ತಮಗೆ ಅಡ್ಡ ಬರುತ್ತದೆಂದು ಗೊತ್ತಾದ ಆ ಐವರು ಬೇಕೆಂದೇ ಅದನ್ನು ಕೊನೆಗೆ ತಳ್ಳಿದರೆ? ಮೆಟಫರ್ 23ಕ್ಕೆ ಇಳಿಯುತ್ತದೆ, ವುಕಾಂಗ್ 22ರಲ್ಲೇ ಇರುತ್ತದೆ, 27 ಅಂಕದೊಂದಿಗೆ ರೀಬರ್ತ್ ಗೆಲ್ಲುತ್ತದೆ. ಮೊದಲ ಆಯ್ಕೆಯಲ್ಲಿ ಕಟ್ಟಕಡೆಗಿದ್ದ ಆಟ! ಇಬ್ಬರ ಜಗಳದಲ್ಲಿ ಮೂರನೆಯವನಿಗೆ ಲಾಭ.

ಅಂಥ ಕಿಲಾಡಿಗಳಿದ್ದರೆ ಎಲಿಮಿನೇಷನ್ ಪದ್ಧತಿ ಹಿಡಿಯಿರಿ. ಮತಪತ್ರ ಅದೇ. ಮೊದಲ ಆಯ್ಕೆಯಾಗಿ ಕಡಿಮೆ ಜನ ಬರೆದ ಆಟವನ್ನು ತೆಗೆದು, ಅವರ ವೋಟನ್ನು ಅವರ ಎರಡನೆಯ ಆಯ್ಕೆಗೆ ಕೊಡಿ. ರೀಬರ್ತ್ ಹೊರಹೋದರೆ ಮೂರು ವೋಟು ಮೆಟಫರ್‌ಗೆ ಬಂದು 7–5 ಆಗುತ್ತದೆ. ಐವರು ಕೆಳಗೆ ಏನೇ ಬರೆದಿದ್ದರೂ ಇದು ಬದಲಾಗದು, ಅವರ ಮೊದಲ ಆಯ್ಕೆ ಕೊನೆಯವರೆಗೂ ಕಣದಲ್ಲಿತ್ತಲ್ಲ.

ಆಡದ ಆಟಕ್ಕೆ ವೋಟು ಬೇಡ. ಕಥೆಯ ಆಟವಾದರೆ ಕನಿಷ್ಠ ಮೂರನೇ ಒಂದು ಭಾಗ, ‘ಬಲಾಟ್ರೋ’ ಥರದ ಕಥೆಯಿಲ್ಲದ ಆಟವಾದರೆ ಐದು ಗಂಟೆ ಅಂತ ಗೆರೆ ಎಳೆಯಿರಿ. ಸ್ಟೀಮ್‌ನಲ್ಲಿ ಆಡಿದ ಗಂಟೆ ಕಾಣುತ್ತದೆ, ವಾದಕ್ಕೆ ಎಡೆ ಇಲ್ಲ. ಆರು ಜನರಾದರೂ ಆಡಿರದ ಆಟವನ್ನು ಮುಖ್ಯ ಪಟ್ಟಿಗೆ ಸೇರಿಸದೆ, ‘ಕಡಿಮೆ ಜನ ಆಡಿದ ಒಳ್ಳೆ ಆಟ’ ಅಂತ ಬೇರೆ ವಿಭಾಗ ಮಾಡಿ. ‘ಇಟ್ ಟೇಕ್ಸ್ ಟೂ’ ಥರದ ಜೋಡಿ ಆಟದಲ್ಲಿ ಒಬ್ಬ ಕೊಂಡರೆ ಇನ್ನೊಬ್ಬ ಫ್ರೆಂಡ್ಸ್ ಪಾಸ್‌ನಲ್ಲಿ ಉಚಿತವಾಗಿ ಆಡಬಹುದು, ಅವನ ಗಂಟೆಗಳನ್ನೂ ಎಣಿಸಿ. ಸಮ ಬಿದ್ದರೆ ಏನು ಮಾಡುವುದೆಂದು ಚೀಟಿ ಬಿಚ್ಚುವ ಮೊದಲೇ ಬರೆದಿಡಿ, ಬಿಚ್ಚಿದ ಮೇಲೆ ಯಾರೂ ಒಪ್ಪುವುದಿಲ್ಲ.