ಗುರುವಾರದ ಓದು ನಿಲ್ಲಿಸಬೇಡಿ

ಪತ್ರ: ನಾನು ಎಂ.ಡಿ. ಸೈಕಿಯಾಟ್ರಿ ಎರಡನೇ ವರ್ಷದಲ್ಲಿದ್ದೇನೆ. ನಾವು ಐದು ಜನ ಪಿಜಿಗಳು ಗುರುವಾರ ಸಂಜೆ ಓಪಿಡಿ ಮುಗಿಸಿಕೊಂಡು ಮನೋವಿಶ್ಲೇಷಣೆ ಎಂಬ ಮಾತಿನ ಚಿಕಿತ್ಸೆ ಶುರು ಮಾಡಿದ ಫ್ರಾಯ್ಡ್ ಮತ್ತು ಅವರ ನಂತರದವರ ಹಳೆಯ ಲೇಖನಗಳನ್ನು ಓದುತ್ತೇವೆ. ಸೀನಿಯರ್‌ಗಳು ನಗುತ್ತಾರೆ. ಇದು ಪರೀಕ್ಷೆಗೂ ಬರಲ್ಲ, ಸೈನ್ಸೂ ಅಲ್ಲ ಅಂತಾರೆ. ಇಬ್ಬರು ಆಗಲೇ ಬರೋದು ಬಿಡುವ ಮಾತಾಡುತ್ತಿದ್ದಾರೆ. ಉಳಿದವರು ಸಮಯ ಸಾಲದೆ ಸಾರಾಂಶ ನೋಡಿಕೊಂಡು ಬರುತ್ತೇವೆ. ಮುಂದುವರಿಸಬೇಕಾ? (ಹೆಸರು ಬೇಡ ಎಂದಿದ್ದಾರೆ.)

ಉತ್ತರ: ಮುಂದುವರಿಸಿ ಡಾಕ್ಟರೇ. ಕೇಳಿದ್ದಕ್ಕೆ ಉತ್ತರ ಇಷ್ಟೇ. ಆದರೆ ನಿಮ್ಮ ಪತ್ರ ನನ್ನೊಳಗೆ ಬಹಳ ವರ್ಷದಿಂದ ಇದ್ದ ಒಂದು ಮಾತನ್ನು ಕೆದಕಿದೆ. ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ನಿಮ್ಮ ಸೀನಿಯರ್‌ಗಳ ಮಾತು ಪೂರ್ತಿ ಸುಳ್ಳಲ್ಲ. 1952ರಲ್ಲಿ ಪ್ಯಾರಿಸ್‌ನಲ್ಲಿ ಕ್ಲೋರ್‌ಪ್ರೊಮಜೀನ್ ಎಂಬ ಮನೋರೋಗದ ಔಷಧಿ ಕೊಡಲು ಶುರು ಮಾಡಿದ ಮೇಲೆ ಎಷ್ಟೋ ರೋಗಿಗಳು ಮನೆಗೆ ಮರಳಿದರು. ಅದು ಮಾತಿನಿಂದ ಆಗುವ ಕೆಲಸವಾಗಿರಲಿಲ್ಲ. 1979ರಲ್ಲಿ ಅಮೆರಿಕದಲ್ಲಿ ಖಿನ್ನತೆಗೆ ಬಿದ್ದ ಒಬ್ಬ ವೈದ್ಯರಿಗೆ ಏಳು ತಿಂಗಳು ಬರೀ ಮನೋವಿಶ್ಲೇಷಣೆ ಮಾಡಿ, ಔಷಧಿ ಕೊಡದೆ ಇಟ್ಟಿದ್ದರು. ಬೇರೆ ಆಸ್ಪತ್ರೆಗೆ ಹೋಗಿ ಮಾತ್ರೆ ತೆಗೆದುಕೊಂಡ ಮೇಲೆ ಅವರು ಮೂರು ತಿಂಗಳಲ್ಲಿ ಚೇತರಿಸಿಕೊಂಡರು. ಹೆಂಗಸರ ವಿಷಯದಲ್ಲಂತೂ ಫ್ರಾಯ್ಡ್ ತಪ್ಪಿದ್ದು ಒಂದೆರಡು ಕಡೆ ಅಲ್ಲ. ಇಷ್ಟನ್ನೂ ಒಪ್ಪಿಕೊಂಡೇ ಮುಂದಿನ ಮಾತು ಹೇಳುತ್ತೇನೆ.

ನನ್ನ ದೊಡ್ಡಪ್ಪ ತೀರಿಕೊಂಡ ಎಂಟು ತಿಂಗಳಿಗೆ ದೊಡ್ಡಮ್ಮ ಊಟ ಬಿಟ್ಟಳು. ಗೋಡೆಗೆ ಒರಗಿ ಕೂತು ಒಂದೇ ಮಾತು ಹೇಳುತ್ತಿದ್ದಳು: "ಈ ಮನೆ ಮುಳುಗಿಸಿದೋಳು ನಾನೇ." ಆಸ್ಪತ್ರೆಗೆ ಕರೆದುಕೊಂಡು ಹೋದವನು ನಾನು. ಡಾಕ್ಟರು ನಿದ್ದೆ ಕೇಳಿದರು, ಹಸಿವು ಕೇಳಿದರು, ತೂಕ ನೋಡಿದರು. ದೊಡ್ಡಮ್ಮ ಅದೇ ಮಾತು ಹೇಳಿದಳು. ಅವರು ತಲೆ ಎತ್ತದೆ ಇಂಗ್ಲಿಷಿನಲ್ಲಿ 'ಗಿಲ್ಟ್' (ತಪ್ಪಿತಸ್ಥ ಭಾವನೆ) ಅಂತ ಒಂದು ಪದ ಬರೆದುಕೊಂಡರು. ಮಾತ್ರೆ ಕೊಟ್ಟರು. ಮಾತ್ರೆ ಕೆಲಸವನ್ನೂ ಮಾಡಿತು. ದೊಡ್ಡಮ್ಮ ಮಲಗಿದಳು, ಉಂಡಳು. ಆ ಡಾಕ್ಟರಿಗೆ ನಾನು ಋಣಿ.

ಆದರೆ ಮನೆ ಮುಳುಗಿಸಿದವರು ಯಾರು ಅಂತ ನಮ್ಮ ಬೀದಿಗೆಲ್ಲ ಗೊತ್ತಿತ್ತು. ಎರಡೆಕರೆ ಗದ್ದೆ ಇಸ್ಪೀಟಿಗೆ ಹೋಗಿತ್ತು. ಆಡಿದವರು ದೊಡ್ಡಪ್ಪ.

ಇದಾಗಿ ಎಷ್ಟೋ ವರ್ಷದ ಮೇಲೆ, ಶೋಕ ಮತ್ತು ಖಿನ್ನತೆ ಬಗ್ಗೆ ಫ್ರಾಯ್ಡ್ 1917ರಲ್ಲಿ ಪ್ರಕಟಿಸಿದ ಲೇಖನ ಓದಿದೆ. ಶೋಕದಲ್ಲಿ ಲೋಕ ಬರಿದಾಗುತ್ತದೆ, ಖಿನ್ನತೆಯಲ್ಲಿ ತಾನೇ ಬರಿದಾಗುತ್ತೇನೆ ಅನ್ನಿಸುತ್ತದೆ ಎಂದು ಅದರಲ್ಲಿದೆ. ಮುಂದೆ ಇನ್ನೊಂದು ಮಾತು. ಇಂಥ ರೋಗಿ ತನ್ನ ಮೇಲೆ ಹೊರಿಸಿಕೊಳ್ಳುವ ತಪ್ಪುಗಳನ್ನು ಗಮನವಿಟ್ಟು ಕೇಳಿದರೆ, ಅವು ಆ ರೋಗಿಗೆ ಅಷ್ಟಾಗಿ ಹೊಂದುವುದಿಲ್ಲ. ಆತ ಪ್ರೀತಿಸಿದ ಇನ್ನೊಬ್ಬರಿಗೆ ಚೆನ್ನಾಗಿ ಹೊಂದುತ್ತವೆ. ಓದುತ್ತಾ ನನ್ನ ಕೈ ನಿಂತಿತು. ಸತ್ತ ಗಂಡನನ್ನು ಬೈಯಲು ಬಾಯಿ ಬರದ ಹೆಂಗಸು ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಅವತ್ತು ಆ ಕೋಣೆಯಲ್ಲಿ ಯಾರಾದರೂ "ಮನೆ ಮುಳುಗಿದ್ದು ಹೇಗಮ್ಮ?" ಅಂತ ಒಂದು ಸಲ ಕೇಳಿದ್ದರೆ! ನಾನೂ ಪಕ್ಕದಲ್ಲೇ ಕೂತಿದ್ದೆ. ನಾನೂ ಕೇಳಲಿಲ್ಲ.

ಇದು ಪರೀಕ್ಷೆಗೆ ಬರುತ್ತೋ ಇಲ್ಲವೋ ನನಗೆ ಬೇಡ. ಓಪಿಡಿಗಂತೂ ದಿನಾ ಬರುತ್ತೆ, ಅಲ್ವಾ?

ಇಂಗ್ಲೆಂಡಿನ ಮನೋವಿಶ್ಲೇಷಕ ವಿನ್ನಿಕಾಟ್ ಅವರ 1949ರ ಲೇಖನವನ್ನೂ ಓದಿ. ರೋಗಿಯ ಮೇಲೆ ವೈದ್ಯನಿಗೆ ಹುಟ್ಟುವ ದ್ವೇಷದ ಬಗ್ಗೆ ಅವರು ಮುಚ್ಚುಮರೆ ಇಲ್ಲದೆ ಬರೆದಿದ್ದಾರೆ. ತಾಯಿಗೂ ತನ್ನ ಕೂಸಿನ ಮೇಲೆ ಸಿಟ್ಟು ಬರಲು ಹದಿನೆಂಟು ಕಾರಣ ಪಟ್ಟಿ ಮಾಡುತ್ತಾರೆ. ಸಿಟ್ಟನ್ನು ಒಳಗೇ ಗುರುತಿಸಿಕೊಂಡು, ಕೂಸಿನ ಮೇಲೆ ತೀರಿಸಿಕೊಳ್ಳದೆ ಇರೋದೇ ಆಕೆಯ ದೊಡ್ಡತನ ಅಂತಾರೆ. ನೈಟ್ ಡ್ಯೂಟಿಯಲ್ಲಿ ಒಬ್ಬನೇ ರೋಗಿ ನಾಲ್ಕನೇ ಸಲ ಎಬ್ಬಿಸಿದಾಗ ನಿಮಗೆ ಏನನ್ನಿಸುತ್ತದೆ? ಲಾಗ್ ಬುಕ್ಕಿನಲ್ಲಿ ಅದನ್ನು ಬರೆಯುವ ಕಾಲಂ ಇಲ್ಲ. ಗುರುವಾರದ ಕೋಣೆಯಲ್ಲಿ ಹೇಳಿಕೊಳ್ಳಬಹುದು. ಹೇಳಿಕೊಳ್ಳದಿದ್ದರೆ ಅದು ಬೆಳಗಿನ ರೌಂಡ್ಸಿನಲ್ಲಿ ರೋಗಿಯ ಮೇಲೇ ಹೊರಬರುತ್ತದೆ.

ಡೋರಾ ಎಂದು ಹೆಸರು ಬದಲಿಸಿ 1905ರಲ್ಲಿ ಫ್ರಾಯ್ಡ್ ಪ್ರಕಟಿಸಿದ ಕೇಸ್ ಕೂಡ ಇದೆ. ಹದಿನೆಂಟರ ಹುಡುಗಿ, ಹನ್ನೊಂದು ವಾರಕ್ಕೆ ಸಾಕು ಅಂತ ಎದ್ದು ಹೋದಳು. ಹುಡುಗಿಯನ್ನು ಅವರು ನಡೆಸಿಕೊಂಡ ರೀತಿಗೆ ನನಗೆ ಈಗಲೂ ಸಿಟ್ಟಿದೆ. ಆದರೂ ರೋಗಿ ತನ್ನ ಹಳೆಯ ಸಂಬಂಧಗಳ ಭಾವನೆಯನ್ನು ವೈದ್ಯನ ಮೇಲೆ ಹಾಕುವುದನ್ನು, ನೀವು ಟ್ರಾನ್ಸ್‌ಫರೆನ್ಸ್ ಅನ್ನುವುದನ್ನು, ತಾನು ಸಕಾಲಕ್ಕೆ ಗುರುತಿಸಲಿಲ್ಲ ಅಂತ ಅವರೇ ಬರೆದುಕೊಂಡರು. ತಮ್ಮ ಸೋಲನ್ನು ಹೀಗೆ ಅಚ್ಚು ಹಾಕಿಸುವವರನ್ನು ನಾನು ಹೆಚ್ಚು ನೋಡಿಲ್ಲ.

ಐದೇ ಜನ ಅಂತ ಕುಗ್ಗಬೇಡಿ. 1902ರಲ್ಲಿ ವಿಯೆನ್ನಾದ ಬೆರ್ಗಾಸೆ ಬೀದಿಯ 19ನೇ ನಂಬರಿನ ಮನೆಯಲ್ಲಿ ಬುಧವಾರ ರಾತ್ರಿ ಸೇರಲು ಶುರು ಮಾಡಿದವರು ಫ್ರಾಯ್ಡ್ ಮತ್ತು ಇನ್ನು ನಾಲ್ವರು ವೈದ್ಯರು. ಕಾಫಿ, ಕೇಕು, ಚುಟ್ಟಾದ ಹೊಗೆ. ಮೊದಲು ಒಬ್ಬರು ಪ್ರಬಂಧ ಓದುತ್ತಿದ್ದರು. ಆಮೇಲೆ ಯಾರು ಮಾತಾಡಬೇಕು ಅಂತ ಚೀಟಿ ಎತ್ತುತ್ತಿದ್ದರು. ನೀವೂ ಚೀಟಿ ಎತ್ತಿ ನೋಡಿ. ಬಾಯಿ ಜೋರಿರುವವರೇ ಮಾತಾಡೋದು ತಪ್ಪುತ್ತೆ.

ಕಲ್ಕತ್ತಾದಲ್ಲಿ ಗಿರೀಂದ್ರಶೇಖರ ಬೋಸ್ 1922ರಲ್ಲೇ ಭಾರತೀಯ ಮನೋವಿಶ್ಲೇಷಣಾ ಸಂಘ ಕಟ್ಟಿದರು. ಫ್ರಾಯ್ಡ್ ಅವರನ್ನು ಒಮ್ಮೆಯೂ ಭೇಟಿಯಾಗದೆ ವರ್ಷಗಟ್ಟಲೆ ಪತ್ರ ಬರೆದರು. ಸುಮ್ನೆ ತಲೆಯಾಡಿಸುತ್ತಾ ಅಲ್ಲ. ಯುರೋಪಿನ ರೋಗಿಗಳಲ್ಲಿ ಕಾಣುವ ಭಯ ನನ್ನ ಭಾರತೀಯ ರೋಗಿಗಳಲ್ಲಿ ಅಷ್ಟಾಗಿ ಕಾಣುತ್ತಿಲ್ಲ ಎಂದು ವಾದ ಹೂಡಿದರು. ಅದೇ ಸಂಘ 1931ರಲ್ಲಿ ಫ್ರಾಯ್ಡ್ ಅವರ ಎಪ್ಪತ್ತೈದನೇ ಹುಟ್ಟುಹಬ್ಬಕ್ಕೆ ದಂತದ ವಿಷ್ಣು ಮೂರ್ತಿ ಕಳಿಸಿತು. ಅವರು ಅದನ್ನು ತಮ್ಮ ಮೇಜಿನ ಮೇಲೇ ಇಟ್ಟುಕೊಂಡರು. ಓದುವುದು ಅಂದರೆ ಒಪ್ಪುವುದಲ್ಲ ಅಂತ ನಿಮ್ಮ ಸೀನಿಯರ್‌ಗಳಿಗೆ ಬೋಸ್ ಅವರ ಕಥೆ ಹೇಳಿ.

ಈಗ ನಿಮ್ಮನ್ನೂ ಒಂದು ಮಾತು ಬೈಯಲೇಬೇಕು. ಸಾರಾಂಶ ಓದಿಕೊಂಡು ಬರುತ್ತೇವೆ ಅಂದಿದ್ದೀರಿ. ಹಾಗೆ ಮಾಡಬೇಡಿ. ದೊಡ್ಡಮ್ಮನ ಮಾತಿನ ಸಾರಾಂಶವೇ ಆ 'ಗಿಲ್ಟ್'. ತಿಂಗಳಿಗೆ ನಾಲ್ಕೇ ಪುಟ ಆದರೂ ಸರಿ, ಒಬ್ಬರು ಗಟ್ಟಿಯಾಗಿ ಓದಿ, ಉಳಿದವರು ಕೇಳಿ. ಈ ಸಾರಾಂಶದ ರೋಗ ಎಲ್ಲ ಕಡೆ ಹಬ್ಬಿದೆ. ನಮ್ಮ ಕಚೇರಿಗೆ ಬರುವ ಎಷ್ಟೋ ಪುಸ್ತಕ ವಿಮರ್ಶೆಗಳು ಬೆನ್ನುಡಿ ದಾಟಿರುವುದಿಲ್ಲ. ಆಸ್ಪತ್ರೆಯಲ್ಲೂ ಅದೇ ಕಥೆ. "ಎದೆ ಮ್ಯಾಲೆ ಯಾರೋ ಕುಂತಂಗಾಗ್ತೈತ್ರಿ" ಅಂತ ರೋಗಿ ಹೇಳುತ್ತಾನೆ. ಕೇಸ್ ಶೀಟಿನಲ್ಲಿ 'ಆಂಗ್ಸೈಟಿ' ಅಂತ ಬೀಳುತ್ತದೆ. ಯಾರು ಬಂದು ಕೂತರು, ಯಾವಾಗಿನಿಂದ ಕೂತರು ಎಂದು ಕೇಳುವವರೇ ಇಲ್ಲ. ರೋಗಿಯ ಮಾತನ್ನು ಅವನ ಮಾತಿನಲ್ಲೇ ಬರೆಯಿರಿ ಅಂತ ನಿಮ್ಮ ಪಠ್ಯದಲ್ಲೇ ಇದೆಯಲ್ಲ. ಅದನ್ನು ಕನ್ನಡದಲ್ಲಿ, ಹಾಗೇ ಬರೆದುಕೊಳ್ಳಿ.

ಒಂದು ವಾರ ಫ್ರಾಯ್ಡ್ ಬಿಟ್ಟು ಎ.ಕೆ. ರಾಮಾನುಜನ್ ಉತ್ತರ ಕರ್ನಾಟಕದ ಒಬ್ಬ ಅಜ್ಜಿಯಿಂದ ಬರೆದುಕೊಂಡ ಕಥೆ ಓದಿ. ಹೆತ್ತ ಮಗನನ್ನೇ ಮದುವೆಯಾಗುವ ಶಾಪ ಹೊತ್ತು ಹುಟ್ಟಿದ ಹೆಣ್ಣಿನ ಕಥೆ. ಗೊತ್ತಿಲ್ಲದೆ ಹಾಗೇ ಆಗುತ್ತದೆ. ಹಿಂದೆ ಕೂಸನ್ನು ಸುತ್ತಿ ಹೊಳೆಗೆ ಬಿಟ್ಟಿದ್ದ ತನ್ನ ಸೀರೆಯ ತುಂಡನ್ನು, ಎರಡನೇ ಕೂಸಿಗೆ ಹಾಸಲು ತಂದಾಗ ಅವಳು ಗುರುತು ಹಿಡಿಯುತ್ತಾಳೆ. ಎಲ್ಲರೂ ಮಲಗಿದ ಮೇಲೆ ಕೂಸನ್ನು ಮಗ ಅಂತ, ಮೊಮ್ಮಗ ಅಂತ, ಗಂಡನ ತಮ್ಮ ಅಂತ ಕರೆದು ಜೋಗುಳ ಹಾಡಿ, ನೇಣು ಹಾಕಿಕೊಳ್ಳುತ್ತಾಳೆ. ಗೊತ್ತಿಲ್ಲದೆ ತಾಯಿಯನ್ನೇ ಮದುವೆಯಾದ ಗ್ರೀಸಿನ ಈಡಿಪಸ್ ಕಥೆ ಮಗನದು. ನಮ್ಮದು ತಾಯಿಯದು. ನಿಮ್ಮ ವಾರ್ಡಿನಲ್ಲಿ ಆ ಕಡೆಯ ಸಿಸ್ಟರ್ ಯಾರಾದರೂ ಇದ್ದರೆ ಅವರನ್ನೂ ಕರೆಯಿರಿ, ಕಥೆ ಅವರೇ ಹೇಳಲಿ. ಬಿಟ್ಟು ಹೋಗುತ್ತೇವೆ ಅನ್ನುವ ಆ ಇಬ್ಬರನ್ನೂ ಅವತ್ತು ಕೂರಿಸಿಕೊಳ್ಳಿ. ಕಥೆ ಮುಗಿದಾಗ ಯಾರು ಮೊದಲು ಮಾತಾಡಿದರು, ಏನು ಹೇಳಿದರು ಅಂತ ನನಗೆ ಬರೆಯಿರಿ. ಪತ್ರ ಎಷ್ಟು ಉದ್ದ ಇದ್ದರೂ ಪೂರ್ತಿ ಓದುತ್ತೇನೆ.