ಮಗ ಎಎಫ್‌ಎಲ್ (ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್) ಆಟಗಾರ ಆಗ್ತೀನಿ ಅಂತ ಹಟ ಹಿಡಿದಿದ್ದಾನೆ. ಓದು ಬಿಡಿಸಬೇಕಾ, ಆಟ ಬಿಡಿಸಬೇಕಾ?

ಸರ್, ಮೆಲ್ಬರ್ನಿನ ಪಶ್ಚಿಮದ ಬಡಾವಣೆ, 16 ವರ್ಷದ ಹುಡುಗ, ಅಂಡರ್ 18 ತಂಡದಿಂದ ಕರೆ, ಊಟದ ಮೇಜಿನಲ್ಲಿ ದಿನಾ ಜಗಳ. ನೀವು ಬರೆದಿರುವುದು ನಮ್ಮ ಮನೆ ಕಥೆ. ಇಸವಿ ಮಾತ್ರ ಬೇರೆ.

ನಮ್ಮಪ್ಪ ಹಾಸನದವರು. ಸಾಫ್ಟ್‌ವೇರ್ ಕೆಲಸಕ್ಕೆ ಇಲ್ಲಿಗೆ ಬಂದಾಗ ನಾನಿನ್ನೂ ಚಿಕ್ಕವನು. ಅವರಿಗೆ ಆಟ ಅಂದರೆ ಕ್ರಿಕೆಟ್, ಮಿಕ್ಕಿದ್ದೆಲ್ಲ ಟೈಮ್‌ಪಾಸ್. ಶಾಲೆಯಲ್ಲಿ ಆಸ್ಕಿಕ್‌ಗೆ (ಮಕ್ಕಳಿಗೆ ಈ ಆಟ ಕಲಿಸುವ ತರಬೇತಿ) ಸೇರಿ ಮೊಟ್ಟೆಯಾಕಾರದ ಶೆರಿನ್ ಚೆಂಡು ಮನೆಗೆ ತಂದಾಗ, "ಇದೇನೋ, ನೆಟ್ಟಗೆ ಪುಟಿಯೋದೂ ಇಲ್ವಲ್ಲ" ಅಂದಿದ್ದರು. ಊರಲ್ಲಿದ್ದುಕೊಂಡು ಇದನ್ನು ಓದುವವರಿಗೆ ಎರಡು ಮಾತು: ಕ್ರಿಕೆಟ್ ಮೈದಾನದಷ್ಟೇ ದೊಡ್ಡ ಅಂಡಾಕಾರದ ಮೈದಾನ. ಒಂದೊಂದು ತಂಡದಿಂದ 18 ಜನ. ಎರಡೂ ತುದಿಗೆ ನಾಲ್ಕು ನಾಲ್ಕು ಕಂಬ. ನಡುವಿನ ಎರಡರ ಮಧ್ಯೆ ಒದ್ದರೆ 6 ಅಂಕ, ಪಕ್ಕದಲ್ಲಿ ಹೋದರೆ 1. ಮೈಗೆ ಪ್ಯಾಡ್ ಇಲ್ಲ, ಆಫ್‌ಸೈಡ್ ಇಲ್ಲ. ಪೆಟ್ಟು ಯಾವ ದಿಕ್ಕಿನಿಂದ ಬೇಕಾದರೂ ಬರಬಹುದು. ಮಧ್ಯದಲ್ಲಿ ಆಡುವವನು ಒಂದೊಂದು ಪಂದ್ಯಕ್ಕೆ 12 ಕಿಲೋಮೀಟರಿಗೂ ಜಾಸ್ತಿ ಓಡುತ್ತಾನೆ.

ನಾನು ಹಾಗೆ ಮಧ್ಯದಲ್ಲಿ ಓಡುವವನಾಗಿದ್ದೆ. ನಮ್ಮ ಭಾಗದ ಅಂಡರ್ 18 ತಂಡಕ್ಕೆ ಆಯ್ಕೆಯಾದಾಗ ಅಪ್ಪ ಒಂದು ಒಪ್ಪಂದ ಮಾಡಿದರು. "ಮಾರ್ಕ್ಸ್ ಕಮ್ಮಿ ಆದ್ರೆ ಆಟ ಬಂದ್. ಪೆಟ್ಟು ಮಾಡ್ಕೊಂಡು ಬಂದ್ರೂ ಆಟ ಬಂದ್." ಮೊದಲನೆಯದನ್ನು ನಿಭಾಯಿಸಿದೆ. ಕೆಡಿಸಿದ್ದು ಎರಡನೆಯದು.

2011ರ ಮಾತು. ಆಗ ನನ್ನ ವಯಸ್ಸಿನವರಿಗೆ ಒಳ್ಳೆ ಕಾಲ. ಗೋಲ್ಡ್ ಕೋಸ್ಟ್ ಆ ವರ್ಷವೇ ಲೀಗ್‌ಗೆ ಬಂದಿತ್ತು. ಮರುವರ್ಷ ಸಿಡ್ನಿ ಪಶ್ಚಿಮದಿಂದ ಜಿಡಬ್ಲ್ಯುಎಸ್ ಬರುವುದಿತ್ತು. ಎರಡು ಹೊಸ ಕ್ಲಬ್ಬು, ಎರಡಕ್ಕೂ ಎಳೆ ಹುಡುಗರು ಬೇಕು. ನಮ್ಮ ಮನೆಗೂ ಒಂದು ಕ್ಲಬ್ಬಿನ ರಿಕ್ರೂಟರ್ ಬಂದು ಕೂತಿದ್ದರು. ಅಮ್ಮ ಕಾಫಿ, ಚಕ್ಕುಲಿ ಕೊಟ್ಟರು. ಅವರು ಅಪ್ಪನನ್ನೂ ಪ್ರಶ್ನೆ ಕೇಳಿದರು. ಮನೆಯವರು ಹೇಗೆ, ಬೇರೆ ರಾಜ್ಯಕ್ಕೆ ಕಳಿಸುತ್ತೀರಾ, ಹುಡುಗ ಸೋತಾಗ ಹೇಗಿರುತ್ತಾನೆ, ಎಲ್ಲ.

ಅಕ್ಟೋಬರಿನಲ್ಲಿ ರಾಜ್ಯಮಟ್ಟದ ದೈಹಿಕ ಪರೀಕ್ಷೆ. ಕಂಬೈನ್ ಅನ್ನುತ್ತಾರೆ. ಅದನ್ನು ನೋಡಿಕೊಂಡು ಕ್ಲಬ್ಬುಗಳು ಡ್ರಾಫ್ಟಿನಲ್ಲಿ ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುತ್ತವೆ. 20 ಮೀಟರ್ ಓಟ, ನೇರ ಮೇಲಕ್ಕೆ ಜಿಗಿತ, ಬೀಪ್ ಟೆಸ್ಟ್, ಆಮೇಲೆ ಸಂದರ್ಶನ. 20 ಮೀಟರನ್ನು 3 ಸೆಕೆಂಡಿನೊಳಗೆ ಮುಗಿಸಿದವನ ಹೆಸರನ್ನು ಎಲ್ಲರೂ ಬರೆದುಕೊಳ್ಳುತ್ತಾರೆ. ನಾನು ಮುಗಿಸಬಲ್ಲವನಾಗಿದ್ದೆ.

ಆ ಪರೀಕ್ಷೆ ಹತ್ತಿರ ಬಂದಾಗ ತರಬೇತಿಯಲ್ಲಿ ಎಡತೊಡೆಯ ಹಿಂದೆ, ಕುಂಡೆಯ ಮೂಳೆಗೆ ಹತ್ತಿರ, ಏನೋ ಹಿಡಿದುಕೊಂಡಿತು. ಹ್ಯಾಮ್‌ಸ್ಟ್ರಿಂಗ್. ತೀರಾ ನೋವಲ್ಲ. ನಡೆಯುವಾಗ ಗೊತ್ತೇ ಆಗುತ್ತಿರಲಿಲ್ಲ. ಕಾರಿನ ಸೀಟಿನಲ್ಲಿ ಜಾಸ್ತಿ ಹೊತ್ತು ಕೂತರೆ ಕುಟುಕುತ್ತಿತ್ತು. ಪೂರ್ತಿ ವೇಗಕ್ಕೆ ಹೋಗುವ ಕ್ಷಣದಲ್ಲಿ "ಬೇಡ" ಅನ್ನುತ್ತಿತ್ತು. ತಂಡದ ಫಿಸಿಯೋ ಹತ್ತು ಹೆಜ್ಜೆ ದೂರದಲ್ಲೇ ಇರುತ್ತಿದ್ದರು. ಹೇಳಿದ್ದರೆ ಒತ್ತಿ ನೋಡಿ, ಸ್ಕ್ಯಾನ್ ಬರೆದು, ಎರಡು ಮೂರು ವಾರ ಓಡಬೇಡ ಅನ್ನುತ್ತಿದ್ದರು. ಅಷ್ಟೇ ಆಗುತ್ತಿದ್ದದ್ದು.

ಆದರೆ ಫಿಸಿಯೋ ಮನೆಗೆ ಫೋನ್ ಮಾಡುತ್ತಾರೆ. ಮನೆಗೆ ಫೋನ್ ಬಂದರೆ ಆಟ ಬಂದ್. ನನ್ನ ತಲೆಯಲ್ಲಿ ಓಡಿದ್ದು ಇಷ್ಟೇ. ಹೇಳಲಿಲ್ಲ. ರಾತ್ರಿ ರೂಮಿನ ಬಾಗಿಲು ಹಾಕಿಕೊಂಡು ಬಿಸಿಯ ಮುಲಾಮು ತಿಕ್ಕುತ್ತಿದ್ದೆ. ವಾಸನೆ ಹೊರಗೆ ಹೋಗದಿರಲಿ ಅಂತ ಕಿಟಕಿ ತೆಗೆಯುತ್ತಿದ್ದೆ. ನೋವಿನ ಮಾತ್ರೆ ಸ್ಕೂಲ್ ಬ್ಯಾಗಿನಲ್ಲಿ. ತೊಡೆಗೆ ಪಟ್ಟಿ ಸುತ್ತಿ ಮೇಲೆ ಉದ್ದ ಪ್ಯಾಂಟು. ಬೆಚ್ಚಗಾಗುವ ಓಟದಲ್ಲಿ ಯಾವಾಗಲೂ ಗುಂಪಿನ ಮಧ್ಯೆ, ಯಾರೂ ನನ್ನ ಹೆಜ್ಜೆ ನೋಡದ ಹಾಗೆ. ಇಷ್ಟೆಲ್ಲ ಉಪಾಯ ಮಾಡುವ ಹುಡುಗನಿಗೆ ಎರಡು ವಾರ ಸುಮ್ನೆ ಕೂರುವ ಉಪಾಯ ಹೊಳೆಯಲಿಲ್ಲ ನೋಡಿ.

ಕಂಬೈನ್ ದಿನ ಸಂದರ್ಶನ ಮೊದಲು ಇತ್ತು. ಮೇಜಿನ ಆಚೆ ನಾಲ್ಕು ಜನ. "ಈಗ ಮೈಯಲ್ಲಿ ಏನಾದರೂ ತೊಂದರೆ ಇದೆಯಾ?" "ಇಲ್ಲ." ಬರೆದುಕೊಂಡರು. ಆಮೇಲೆ ಓಟ. ಮೊದಲನೆಯದು ಚೆನ್ನಾಗಿ ಹೋಯಿತು, ಎರಡನೆಯದು ಇನ್ನೂ ಚೆನ್ನಾಗಿ. ಅಲ್ಲಿಗೆ ನಿಲ್ಲಿಸಬಹುದಿತ್ತು. ಮೂರನೆಯದಕ್ಕೆ ನಿಂತೆ. ಅರ್ಧ ದಾರಿಯಲ್ಲಿ ಒದ್ದೆ ಪಂಚೆ ಹರಿದ ಹಾಗೆ ಸದ್ದಾಯಿತು. ಪಕ್ಕದಲ್ಲಿ ನಿಂತವರಿಗೂ ಕೇಳಿಸಿತಂತೆ. ಸ್ನಾಯು ಹರಿದಿರಲಿಲ್ಲ. ಸ್ನಾಯುವನ್ನು ಮೂಳೆಗೆ ಕಟ್ಟಿದ್ದ ಟೆಂಡನ್ನೇ ಕಿತ್ತು ಬಂದಿತ್ತು. ಆಪರೇಷನ್ ಮಾಡಿ ಮತ್ತೆ ಮೂಳೆಗೆ ಕೂರಿಸಿದರು.

ಇಲ್ಲಿ ಒಂದು ವಿಷಯ ನಿಮಗೆ ಸರಿಯಾಗಿ ಅರ್ಥ ಆಗಬೇಕು. ನನ್ನನ್ನು ಹೊರಗಿಟ್ಟದ್ದು ಗಾಯ ಅಲ್ಲ. ಗಾಯಗೊಂಡ ಹುಡುಗರನ್ನು ಕ್ಲಬ್ಬುಗಳು ಪ್ರತಿ ವರ್ಷ ತೆಗೆದುಕೊಳ್ಳುತ್ತವೆ. ಮಂಡಿ ಆಪರೇಷನ್ ಆಗಿ ಇಡೀ ಸೀಸನ್ ಆಡದವರನ್ನೂ ತೆಗೆದುಕೊಳ್ಳುತ್ತವೆ. ಓಟ ಬಿಟ್ಟು ಬರೀ ಸಂದರ್ಶನ ಕೊಟ್ಟು ಹೋದವರೂ ಆಯ್ಕೆಯಾಗುತ್ತಾರೆ. 2017ರಲ್ಲಿ ಜೇಡಿನ್ ಸ್ಟೀಫನ್ಸನ್ ಅನ್ನುವ ಹುಡುಗನಿಗೆ ಹೃದಯದ ತೊಂದರೆ ಇದೆ ಅಂತ ಎಲ್ಲ ಕ್ಲಬ್ಬಿಗೂ ಗೊತ್ತಿತ್ತು. ಕಾಲಿಂಗ್‌ವುಡ್ ಅವನನ್ನು 6ನೇ ಆಯ್ಕೆಯಾಗಿ ತೆಗೆದುಕೊಂಡಿತು. ಮರುವರ್ಷ ಅವನೇ ಲೀಗಿನ ಅತ್ಯುತ್ತಮ ಹೊಸ ಆಟಗಾರ. ಗೊತ್ತಿರುವ ತೊಂದರೆಗೆ ಅವರು ಲೆಕ್ಕ ಹಾಕುತ್ತಾರೆ. ನನ್ನ ಸ್ಕ್ಯಾನ್ ನೋಡಿದ ಡಾಕ್ಟರು "ಇದು ಇವತ್ತಿನದಷ್ಟೇ ಅಲ್ಲ, ಹಳೆಯದೂ ಇದೆ" ಅಂದರು. ಬೆಳಿಗ್ಗೆ "ಇಲ್ಲ" ಅಂತ ಬರೆದುಕೊಂಡಿದ್ದ ಹಾಳೆ ಅಲ್ಲೇ ಇತ್ತು. ರಿಕ್ರೂಟರ್‌ಗಳು ಒಬ್ಬರಿಗೊಬ್ಬರು ಮಾತಾಡಿಕೊಳ್ಳುತ್ತಾರೆ. ಆಮೇಲೆ ಮನೆಗೆ ಯಾರೂ ಬರಲಿಲ್ಲ.

ಡ್ರಾಫ್ಟ್ ರಾತ್ರಿ ಬಗ್ಗೆ ಬರೆಯುವಂಥದ್ದೇನಿಲ್ಲ. ಹೆಸರು ಬರಲಿಲ್ಲ. ಅದಾದ ಮೇಲೆ ಕೆಲವು ವರ್ಷ ವಿಎಫ್‌ಎಲ್ ಆಡಿದೆ. ಅದು ಎಎಫ್‌ಎಲ್‌ಗಿಂತ ಒಂದು ಮೆಟ್ಟಿಲು ಕೆಳಗೆ. ಹಗಲು ಕೆಲಸ, ಸಂಜೆ ತರಬೇತಿ. ಜೊತೆಗೆ ಎಲೆಕ್ಟ್ರಿಷಿಯನ್ ಕೆಲಸ ಕಲಿತೆ, ಈಗ ನನ್ನದೇ ವ್ಯಾನ್ ಇದೆ. ಹಾಸನದ ನೆಂಟರು "ಮಗ ಏನು ಮಾಡ್ಕೊಂಡಿದಾನೆ" ಅಂದರೆ ಅಪ್ಪ ಇವತ್ತಿಗೂ "ಎಲೆಕ್ಟ್ರಿಕಲ್ ಲೈನ್‌ನಲ್ಲಿದಾನೆ" ಅನ್ನುತ್ತಾರೆ. ಕೇಳಿದವರು ಇಂಜಿನಿಯರ್ ಅಂದುಕೊಳ್ಳುತ್ತಾರೆ. ಇಬ್ಬರಿಗೂ ಸಮಾಧಾನ.

ಈಗ ನಿಮ್ಮ ಪ್ರಶ್ನೆ. ಓದೋ ಆಟವೋ ಅಂತ ಕೇಳಿದ್ದೀರಿ. ಆ ಪ್ರಶ್ನೆಯೇ ತಪ್ಪು ಸರ್. ಹಾಗೆ ಕೇಳಿದ ಮನೆಯಲ್ಲಿ ಬೆಳೆದಿದ್ದಕ್ಕೇ ನಾನು ಕಾಲು ನೋವನ್ನು ಮುಚ್ಚಿಟ್ಟೆ. ಪೆಟ್ಟಾದರೆ ಆಟ ಬಂದ್ ಅಂದರೆ ಹುಡುಗ ಆಟ ಬಿಡಲ್ಲ, ಹೇಳೋದು ಬಿಡುತ್ತಾನೆ. ಅಪ್ಪನ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೆ ಇದ್ದದ್ದು ಭಯ. ಆದರೆ ನೀವೂ ಅದೇ ಷರತ್ತು ಹಾಕಿದ್ದೀರಿ ಅಂತ ಓದಿ ಹೊಟ್ಟೆ ಚುರ್ ಅಂದಿತು.

ಎರಡರಲ್ಲಿ ಒಂದನ್ನು ಬಿಡಿಸುವ ಅಗತ್ಯ ಇಲ್ಲವೇ ಇಲ್ಲ. ಆ ವರ್ಷದ ಡಿಸೆಂಬರ್ 31ರೊಳಗೆ 18 ತುಂಬದೆ ಯಾರನ್ನೂ ಡ್ರಾಫ್ಟಿಗೆ ತೆಗೆದುಕೊಳ್ಳಲ್ಲ. ಅಂದರೆ ವಿಸಿಇ (ಇಲ್ಲಿನ 12ನೇ ತರಗತಿ) ಸಾಮಾನ್ಯವಾಗಿ ಮುಗಿದಿರುತ್ತದೆ. ಆಯ್ಕೆಯಾದ ಮೇಲೂ ವಾರದಲ್ಲಿ ಓದಿಗೋ ಕೆಲಸ ಕಲಿಯುವುದಕ್ಕೋ ಬಿಡುವು ಇರುತ್ತದೆ. ಆಟಗಾರರ ಸಂಘ ಓದಿಗೆ ದುಡ್ಡಿನ ಸಹಾಯವನ್ನೂ ಕೊಡುತ್ತದೆ. ಯಾಕೆ ಹೇಳಿ? ಈ ಕೆಲಸ ಬೇಗ ಮುಗಿಯುತ್ತದೆ ಅಂತ ಅವರಿಗೇ ಚೆನ್ನಾಗಿ ಗೊತ್ತು. 18 ಕ್ಲಬ್ಬು ಸೇರಿದರೂ ಗಂಡಸರ ಲೀಗಿನಲ್ಲಿ ಒಟ್ಟು 800ರಷ್ಟು ಜಾಗ. ಪ್ರತಿ ವರ್ಷ ಹೊಸಬರು ಬಂದಷ್ಟೇ ಹಳಬರು ಹೋಗಬೇಕು. ನನ್ನ ಜೊತೆ ಆಡಿ ಆಯ್ಕೆಯಾದ ಒಬ್ಬ ಹುಡುಗ ಎರಡು ವರ್ಷ ದೊಡ್ಡ ತಂಡದಲ್ಲಿ ಒಂದೂ ಪಂದ್ಯ ಆಡದೆ ವಾಪಸ್ ಬಂದ. ಸೀಸನ್ ಕೊನೆಗೆ ಆಫೀಸಿಗೆ ಕರೆದು, ಹತ್ತು ನಿಮಿಷ ಮಾತಾಡಿ, ಕೈ ಕುಲುಕಿ ಕಳಿಸಿದರು.

ದುಡ್ಡಿನ ಬಗ್ಗೆ ಕೇಳಿದ್ದೀರಿ. 2023ರ ಒಪ್ಪಂದದ ಪ್ರಕಾರ ಗಂಡಸರ ಸರಾಸರಿ ಸಂಬಳ 2027ಕ್ಕೆ 5 ಲಕ್ಷ ಡಾಲರ್ ದಾಟುತ್ತದೆ. ಆ ಸರಾಸರಿಯನ್ನು ಎತ್ತುವವರು ತಂಡದ ಮೇಲಿನ ಕೆಲವರು. ಹೊಸ ಹುಡುಗನಿಗೆ ಅದರ ಹತ್ತಿರವೂ ಬರಲ್ಲ. ಬಂದರೂ ಅದೊಂದೇ ಸಾಲದು. ಟಾಮ್ ಬಾಯ್ಡ್ 2013ರ ಡ್ರಾಫ್ಟಿನ ಮೊದಲ ಆಯ್ಕೆ. ಒಂದೇ ವರ್ಷದ ನಂತರ ವೆಸ್ಟರ್ನ್ ಬುಲ್‌ಡಾಗ್ಸ್ ಸುಮಾರು 70 ಲಕ್ಷ ಡಾಲರಿನ ಏಳು ವರ್ಷದ ಒಪ್ಪಂದ ಕೊಟ್ಟಿತು. 2016ರಲ್ಲಿ ಕಪ್ ಗೆದ್ದ, ಫೈನಲ್ಲಿನಲ್ಲಿ ಅದ್ಭುತವಾಗಿ ಆಡಿದ. 2019ರಲ್ಲಿ, 23ನೇ ವಯಸ್ಸಿಗೆ, ಒಪ್ಪಂದ ಬಾಕಿ ಇರುವಾಗಲೇ ಆಟ ಬಿಟ್ಟ. ಖಿನ್ನತೆ, ಆತಂಕದ ಬಗ್ಗೆ ಆಮೇಲೆ ಬಾಯಿಬಿಟ್ಟು ಮಾತಾಡಿದ್ದಾನೆ. ನನಗೆ ಅವನ ಮೇಲೆ ಬಹಳ ಗೌರವ.

"ಭಾರತೀಯರಿಗೆ ಅಲ್ಲಿ ಜಾಗ ಇದೆಯಾ" ಅನ್ನುವುದಕ್ಕೆ: ವೆಸ್ಟ್ ಕೋಸ್ಟ್‌ಗೆ 2006ರ ಕಪ್ ಗೆದ್ದುಕೊಟ್ಟ ತಂಡದಲ್ಲಿದ್ದ ಡೇನಿಯಲ್ ಕೆರ್‌ಗೆ ತಂದೆಯ ಕಡೆಯಿಂದ ಭಾರತದ ನಂಟಿದೆ. ನಮ್ಮ ಹಾಗೆ ಹೊಸದಾಗಿ ಬಂದ ಮನೆಗಳಿಂದ ಇನ್ನೂ ಸಾಲುಗಟ್ಟಿ ಬಂದಿಲ್ಲ. ಆದರೆ ಕ್ಲಬ್ಬುಗಳ ನೆಕ್ಸ್ಟ್ ಜನರೇಷನ್ ಅಕಾಡೆಮಿಗಳು ಇಂಥ ಮಕ್ಕಳಿಗೂ ಇವೆ. ನಿಮ್ಮ ಬಡಾವಣೆ ಯಾವ ಕ್ಲಬ್ಬಿನ ಪಾಲಿಗೆ ಬರುತ್ತದೆ ವಿಚಾರಿಸಿ. ನನ್ನ ಕಾಲದಲ್ಲಿ ಇದು ಇರಲಿಲ್ಲ.

ಇನ್ನೊಂದು, 18ಕ್ಕೆ ಬಾಗಿಲು ಮುಚ್ಚುತ್ತದೆ ಅನ್ನುವುದು ಸುಳ್ಳು. ಮ್ಯಾಥ್ಯೂ ಪ್ರಿಡಿಸ್‌ನನ್ನು ಡ್ರಾಫ್ಟಿನಲ್ಲಿ ಕೈಬಿಟ್ಟಿದ್ದರು. ರೂಕಿಯಾಗಿ (ಮುಖ್ಯ ಪಟ್ಟಿಯ ಹೊರಗಿನ ಹೊಸಬನಾಗಿ) ಒಳಗೆ ಬಂದ ಅವನು 2014ರಲ್ಲಿ ಲೀಗಿನ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ರೌನ್‌ಲೋ ಪದಕ ಗೆದ್ದ. ಮಾರ್ಲಿಯನ್ ಪಿಕೆಟ್ 27ನೇ ವಯಸ್ಸಿನಲ್ಲಿ, 2019ರ ಗ್ರ್ಯಾಂಡ್ ಫೈನಲ್ಲಿನಲ್ಲಿ, ತನ್ನ ಮೊದಲ ಎಎಫ್‌ಎಲ್ ಪಂದ್ಯ ಆಡಿದ. ರಿಚ್ಮಂಡ್ ಗೆದ್ದಿತು.

ಜಿಮ್ ಸ್ಟೈನ್ಸ್ ಬಗ್ಗೆಯೂ ಮಗನಿಗೆ ಹೇಳಿ. ಐರ್ಲೆಂಡಿನಿಂದ ಬಂದು ಮೆಲ್ಬರ್ನ್ ಕ್ಲಬ್ಬಿನಲ್ಲಿ ಆಟ ಕಲಿತವನು. 1987ರಲ್ಲಿ ಫೈನಲ್ಲಿಗೆ ಒಂದು ಹೆಜ್ಜೆ ಹಿಂದಿನ ಪಂದ್ಯದ ಕೊನೆ ಗಳಿಗೆಯಲ್ಲಿ, ಒದೆಯಲು ನಿಂತಿದ್ದ ಎದುರಾಳಿಯ ಮುಂದೆ ಅಡ್ಡ ಓಡಿಬಿಟ್ಟ. ದಂಡವಾಗಿ ಚೆಂಡು 15 ಮೀಟರ್ ಮುಂದೆ ಹೋಯಿತು. ಸೈರನ್ ಆದ ಮೇಲೆ ಹಾಥಾರ್ನ್ ಗೋಲು ಹೊಡೆಯಿತು, ಮೆಲ್ಬರ್ನ್ 2 ಅಂಕಕ್ಕೆ ಸೋತಿತು. 1964ರಿಂದ ಫೈನಲ್ ಕಾಣದ ಕ್ಲಬ್ಬು ಅದು. ಆದರೆ ಅದು ಎಲ್ಲರ ಕಣ್ಣೆದುರು ಆದ ತಪ್ಪು, ಮುಚ್ಚಿಡಲು ಏನೂ ಇರಲಿಲ್ಲ. ಬೈಸಿಕೊಂಡ, ಮತ್ತೆ ಆಡಿದ. 1991ರಲ್ಲಿ ಬ್ರೌನ್‌ಲೋ ಗೆದ್ದ. ಸತತ 244 ಪಂದ್ಯ ಆಡಿದ ದಾಖಲೆಯೂ ಅವನದೇ.

ಕೊನೆಗೆ, ನೀವು ಪ್ರಶ್ನೆಯ ತುದಿಯಲ್ಲಿ ಹೆಮ್ಮೆಯಿಂದ ಬರೆದ ಒಂದು ಸಾಲು. ಹೋದ ಶನಿವಾರ ತಲೆಗೆ ಮೊಣಕೈ ಬಡಿದು ಬಿದ್ದವನು "ಏನೂ ಆಗಿಲ್ಲ" ಅಂತ ಎದ್ದು ಆಡಿದ, ಇನ್ಮೇಲೆ ಹೆಲ್ಮೆಟ್ ಕೊಡಿಸುತ್ತೇನೆ ಅಂದಿದ್ದೀರಿ. ಆ ಮೆತ್ತನೆ ಹೆಲ್ಮೆಟ್ ತರಚು ಗಾಯ ತಡೆಯುತ್ತದೆ, ಒಳಗೆ ಮೆದುಳು ಅಲುಗುವುದನ್ನು ತಡೆಯಲ್ಲ. ಪ್ಯಾಡಿ ಮೆಕಾರ್ಟಿನ್ 2014ರ ಮೊದಲ ಆಯ್ಕೆ, ಆಂಗಸ್ ಬ್ರೇಶಾ ಮೆಲ್ಬರ್ನಿಗೆ ಕಪ್ ಗೆದ್ದವನು. ಇಬ್ಬರೂ ಆಟ ಬಿಟ್ಟದ್ದು ತಲೆಪೆಟ್ಟಿನಿಂದ. ಅವರ ಹಿಂದೆ ಇಡೀ ಕ್ಲಬ್ಬಿನ ಡಾಕ್ಟರುಗಳಿದ್ದರು. ನಿಮ್ಮ ಮಗನ ಹಿಂದೆ ಇರುವುದು ನೀವು.

ನಾಳೆಯೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಒಳಗೆ ಮೆದುಳಿಗೆ ಪೆಟ್ಟಾಗಿದೆ (ಕಂಕಷನ್) ಅಂತ ತೀರ್ಮಾನವಾದರೆ ಸಮುದಾಯ ಮಟ್ಟದ ಆಟದಲ್ಲಿ ಕನಿಷ್ಠ 21 ದಿನ ಪಂದ್ಯ ಆಡುವ ಹಾಗಿಲ್ಲ, ಅದು ನಿಯಮ. ಹೋಗುವ ಮುಂಚೆ, ಇವತ್ತು ರಾತ್ರಿಯೇ, ಡಾಕ್ಟರು ಏನೇ ಹೇಳಿದರೂ ಆಟ ಬಂದ್ ಮಾಡಲ್ಲ ಅಂತ ಅವನಿಗೆ ಮಾತು ಕೊಡಿ. ಆಮೇಲೆ ತಲೆ ನೋಯುತ್ತಾ, ಬೆಳಕು ಚುಚ್ಚುತ್ತಾ, ರಾತ್ರಿ ನಿದ್ದೆ ಬರುತ್ತಾ ಕೇಳಿ. ಮಾತು ಕೊಡದೆ ಕೇಳಿದರೆ ಎಲ್ಲದಕ್ಕೂ "ಇಲ್ಲ" ಅಂತಲೇ ಹೇಳುತ್ತಾನೆ.