ಮಿತ್ರ, ವರುಣರ ಹೆಸರಿದ್ದ ಮಾತ್ರಕ್ಕೆ

ಹಾಸನದಿಂದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: "ಟರ್ಕಿಯಲ್ಲಿ ಸಿಕ್ಕ ಹಳೇ ಒಪ್ಪಂದವೊಂದರಲ್ಲಿ ಮಿತ್ರ, ವರುಣ, ಇಂದ್ರರ ಹೆಸರಿದೆಯಂತೆ. ಹಾಗಾದರೆ ಅಲ್ಲಿದ್ದವರು ಸಂಸ್ಕೃತ ಮಾತಾಡುವ ನಮ್ಮವರೇ ತಾನೇ? ಮುಂದಿನ ತಿಂಗಳು ಮಗನ ಜೊತೆ ಆ ಕಡೆ ಹೋಗುತ್ತಿದ್ದೇನೆ. ಏನು ನೋಡಬೇಕು ಅಂತಲೂ ತಿಳಿಸಿ."

ಮೇಷ್ಟ್ರಿಗೆ ನಮಸ್ಕಾರ.

ಹೆಸರಿರುವುದು ನಿಜ, ಯಾರೋ ಸುಮ್ನೆ ಹಬ್ಬಿಸಿದ್ದಲ್ಲ. ಇದು ಕ್ರಿ.ಪೂ. 14ನೇ ಶತಮಾನದ ಕತೆ. ಈಗಿನ ಉತ್ತರ ಸಿರಿಯಾ ಮತ್ತು ಅದರ ಆಸುಪಾಸಿನಲ್ಲಿ ಮಿತನ್ನಿ ಅನ್ನುವ ರಾಜ್ಯವಿತ್ತು. ಅದರ ರಾಜ ತುಶ್ರತ್ತನ ಕೊಲೆಯಾಯಿತು. ಮಗ ಶತ್ತಿವಾಜ ಜೀವ ಉಳಿಸಿಕೊಂಡು ಈಗಿನ ಟರ್ಕಿಯ ನಡುಭಾಗ ಆಳುತ್ತಿದ್ದ ಹಿಟ್ಟೈಟರ ದೊರೆ ಸುಪ್ಪಿಲುಲಿಯುಮನ ಆಸರೆಗೆ ಬಂದ. ದೊರೆ ಅವನಿಗೆ ಮಗಳನ್ನು ಕೊಟ್ಟ, ಸಿಂಹಾಸನ ಕೊಡಿಸಿದ, ಜೊತೆಗೆ ಒಂದು ಒಪ್ಪಂದವನ್ನೂ ಬರೆಸಿಕೊಂಡ. ಅಳಿಯನಾದರೂ ನಂಬುವ ಹಾಗಿಲ್ಲವಲ್ಲ! ಎರಡೂ ಕಡೆಯ ದೇವರುಗಳನ್ನು ಸಾಕ್ಷಿಗೆ ಕರೆದರು. ಮಿತನ್ನಿ ಕಡೆಯ ಸಾಕ್ಷಿಗಳಲ್ಲಿ ನೀವು ಹೇಳಿದ ಮೂವರಿದ್ದಾರೆ. ಜೊತೆಗೆ ನಾಸತ್ಯರು, ಅಂದರೆ ನಮ್ಮ ಅಶ್ವಿನಿ ದೇವತೆಗಳೂ ಇದ್ದಾರೆ.

ಆದರೆ ಆ ಪಟ್ಟಿಯನ್ನು ಪೂರ್ತಿ ಓದಬೇಕು. ಮೊದಲ ಹೆಸರು ತೇಶುಬ್, ಮಿತನ್ನಿಯಲ್ಲಿದ್ದ ಹುರ್ರಿಯನ್ ಜನರ ಗುಡುಗಿನ ದೇವರು. ಬ್ಯಾಬಿಲೋನ್ ಕಡೆಯ ಅನು, ಎನ್ಲಿಲ್ ಕೂಡ ಬರುತ್ತಾರೆ. ಅವರೆಲ್ಲ ಆದ ಮೇಲೆ ಮಿತ್ರ, ವರುಣರ ಸರದಿ. ಅಲ್ಲೂ ಅವರು 'ಮಿತ್ರಶ್ಶಿಲ್', 'ಉರುವನಶ್ಶಿಲ್' ಎಂದಾಗಿದ್ದಾರೆ. ಆ ಬಾಲ ಹುರ್ರಿಯನ್ ಭಾಷೆಯದು. ಇನ್ನು ಒಪ್ಪಂದ ಬರೆದಿರುವುದು ಬ್ಯಾಬಿಲೋನ್ ಕಡೆಯ ಭಾಷೆಯಾದ ಅಕ್ಕೇಡಿಯನ್‌ನಲ್ಲಿ. ಆ ಕಾಲದ ರಾಜರಾಜರ ನಡುವಿನ ಪತ್ರವ್ಯವಹಾರವೆಲ್ಲ ಹೆಚ್ಚಾಗಿ ಅದರಲ್ಲೇ ನಡೆಯುತ್ತಿತ್ತು.

ಕೊಲೆಯಾದ ತುಶ್ರತ್ತನನ್ನೇ ನೋಡಿ. ಅವನ ಹೆಸರಿನ ಮೂಲ ಇಂಡೋ-ಆರ್ಯನ್, ಅಂದರೆ ಸಂಸ್ಕೃತ ಸೇರಿದ ಭಾಷಾಗುಂಪಿನದು ಅಂತಲೇ ಭಾಷಾತಜ್ಞರು ಹೇಳುತ್ತಾರೆ. ಆದರೆ ಅವನು ಈಜಿಪ್ಟಿನ ಮೂರನೇ ಅಮೆನ್‌ಹೊಟೆಪ್‌ಗೆ ಬರೆಸಿದ, ಸುಮಾರು 500 ಸಾಲಿನ ಒಂದು ಪತ್ರ ಹುರ್ರಿಯನ್‌ನಲ್ಲಿದೆ. ಆ ಭಾಷೆಗೂ ಸಂಸ್ಕೃತಕ್ಕೂ ದೂರದ ನೆಂಟಸ್ತನವೂ ಇಲ್ಲ. ಮಿತನ್ನಿಯ ಜನ ಆಡುತ್ತಿದ್ದದ್ದು ಅದೇ. ಅರಮನೆಯ ಹೆಸರುಗಳು, ಕೆಲವು ದೇವರು, ಕುದುರೆಗೆ ಸಂಬಂಧಪಟ್ಟ ಮಾತು, ಇಷ್ಟರಲ್ಲಿ ಮಾತ್ರ ನಿಮ್ಮ ಸಂಸ್ಕೃತದ ಸೋದರ ಭಾಷೆಯೊಂದರ ಪಸೆ ಉಳಿದಿದೆ.

ಕುದುರೆಯ ವಿಷಯ ಸ್ವಲ್ಪ ಜಾಸ್ತಿ ಹೇಳುತ್ತೇನೆ, ನನಗೆ ಬಲು ಇಷ್ಟ. ಮಿತನ್ನಿಯ ಕಿಕ್ಕುಲಿ ಎಂಬ ಕುದುರೆ ಪಳಗಿಸುವವನು ಹೇಳಿದ ಪಾಠ ಜೇಡಿಮಣ್ಣಿನ ಫಲಕಗಳಲ್ಲಿ ಸಿಕ್ಕಿದೆ. ಯಾವ ದಿನ ಎಷ್ಟು ಓಡಿಸಬೇಕು, ಏನು ತಿನ್ನಿಸಬೇಕು, ಯಾವಾಗ ಮೈ ತೊಳೆಯಬೇಕು, ಎಲ್ಲ ಇದೆ. ಪಾಠ ಹಿಟ್ಟೈಟ್ ಭಾಷೆಯಲ್ಲಿ. ಆದರೆ ಸುತ್ತುಗಳ ಲೆಕ್ಕ ಬಂದಾಗ 'ಐಕವರ್ತನ್ನ', 'ಪಂಜವರ್ತನ್ನ', 'ಸತ್ತವರ್ತನ್ನ'! ಏಕ, ಪಂಚ, ಸಪ್ತ ನಿಮಗೇ ಕೇಳಿಸುತ್ತದೆ. ಹಳೆಯ ಇರಾನಿ ಭಾಷೆಗಳಲ್ಲಿ ಒಂದಕ್ಕೆ 'ಐವ' ಅನ್ನುತ್ತಿದ್ದರು. ಇಲ್ಲಿ 'ಐಕ' ಇರುವುದರಿಂದ ಇದು ಇಂಡೋ-ಆರ್ಯನ್ ಕಡೆಯದೇ. ಹಾಗಂತ ಇವರು ಭಾರತದಿಂದ ಹೊರಟು ಹೋದವರಲ್ಲ, ಅದೇ ಭಾಷಾಕುಲದಿಂದ ಮೊದಲೇ ಕವಲೊಡೆದು ಪಶ್ಚಿಮಕ್ಕೆ ತಿರುಗಿದವರು ಅನ್ನುವುದು ಹೆಚ್ಚಿನ ತಜ್ಞರ ಮತ. ನನಗೂ ಅದೇ ಸರಿ ಅನ್ನಿಸುತ್ತದೆ.

ನಿಮ್ಮ ಪ್ರಶ್ನೆಯಲ್ಲಿ ನನಗೆ ಒಪ್ಪಿಗೆಯಾಗದ್ದು 'ನಮ್ಮವರೇ ತಾನೇ' ಅನ್ನುವುದು. ಹಿಟ್ಟೈಟರು ತಮ್ಮ ನಾಡನ್ನು ಹತ್ತಿ ಅನ್ನುತ್ತಿದ್ದರು. ಅದು ಅವರಿಗಿಂತ ಮೊದಲು ಅಲ್ಲಿದ್ದವರಿಂದ ಬಂದ ಹೆಸರು. ಆ ಮೊದಲಿನವರ ಹತ್ತಿಕ್ ಭಾಷೆಯನ್ನು ಅವರು ಒರೆಸಿಹಾಕಲಿಲ್ಲ. ಪೂಜೆಯಲ್ಲಿ ಪುರೋಹಿತ ಯಾವ ಮಾತನ್ನು ಹತ್ತಿಕ್‌ನಲ್ಲಿ ಹೇಳಬೇಕು, ಯಾವುದನ್ನು ಅದೇ ನಾಡಿನ ಇನ್ನೊಂದು ಭಾಷೆ ಲುವಿಯನ್‌ನಲ್ಲಿ ಹೇಳಬೇಕು ಅಂತ ಬರೆದಿಟ್ಟರು. ರಾಜಧಾನಿ ಹತ್ತುಶದಲ್ಲಿ 1906ರಲ್ಲಿ ಶುರುವಾದ ಅಗೆತದಲ್ಲಿ ಇಲ್ಲಿಯವರೆಗೆ ಸುಮಾರು 30,000 ಫಲಕ ಮತ್ತು ಚೂರುಗಳು ಸಿಕ್ಕಿವೆ. ಅವುಗಳಲ್ಲಿರುವ ಭಾಷೆಗಳು ಹಿಟ್ಟೈಟ್, ಹತ್ತಿಕ್, ಲುವಿಯನ್, ಪಲಾಯಿಕ್, ಹುರ್ರಿಯನ್, ಅಕ್ಕೇಡಿಯನ್, ಸುಮೇರಿಯನ್, ಜೊತೆಗೆ ಕಿಕ್ಕುಲಿಯ ಲೆಕ್ಕ. ಇಷ್ಟೇ ಅಂದುಕೊಂಡಿದ್ದಾಗ 2023ರಲ್ಲಿ ಇನ್ನೊಂದು ಭಾಷೆ ಎದ್ದು ಬಂತು. ಪೂಜಾವಿಧಿಯ ಫಲಕವೊಂದರಲ್ಲಿ, ಮುಂದಿನದನ್ನು ಕಲಶ್ಮ ನಾಡಿನ ಭಾಷೆಯಲ್ಲಿ ಓದಬೇಕು ಅಂತ ಹಿಟ್ಟೈಟ್‌ನಲ್ಲೇ ಸೂಚನೆಯಿತ್ತು.

ನಮ್ಮ ತಾಮ್ರಪಟಗಳಲ್ಲೂ ಹೀಗೇ ಅಲ್ವಾ? ರಾಜನ ಹೊಗಳಿಕೆ ಸಂಸ್ಕೃತದಲ್ಲಿ, ದಾನ ಕೊಟ್ಟ ಹೊಲದ ಎಲ್ಲೆ ಮಾತ್ರ ಕನ್ನಡದಲ್ಲಿ. ಅದನ್ನು ಬರೆಸಿದವರು ಯಾವ ಭಾಷೆಯವರು ಅಂತ ಯಾರಾದರೂ ಕೇಳಿದರೆ ಏನು ಹೇಳುತ್ತೀರಿ?

ಈಗ ಪ್ರವಾಸದ ಮಾತು. ಅಂಕಾರಾದಲ್ಲಿ ಅನಟೋಲಿಯನ್ ನಾಗರಿಕತೆಗಳ ವಸ್ತುಸಂಗ್ರಹಾಲಯಕ್ಕೆ ಒಂದು ದಿನ ಇಟ್ಟುಕೊಳ್ಳಿ. ಹತ್ತುಶ ಇರುವುದು ಪೂರ್ವಕ್ಕೆ, ಚೋರುಮ್ ಪ್ರಾಂತ್ಯದ ಬೋಗಜ್ಕಲೆ ಊರಿನ ಪಕ್ಕ. ಕೋಟೆಯ ಸಿಂಹದ್ವಾರ ನೋಡಿ. ಊರು ಏರುತಗ್ಗಿನದು, ಮಂಡಿನೋವಿದ್ದರೆ ಕಾರಿನಲ್ಲೇ ಸುತ್ತುವುದು ಒಳ್ಳೆಯದು. ಹತ್ತಿರದ ಯಾಜಿಲಿಕಾಯವನ್ನು ಮಾತ್ರ ಬಿಡಬೇಡಿ. ಬಂಡೆಯ ಮೇಲೆ ದೇವದೇವತೆಗಳ ಮೆರವಣಿಗೆಯನ್ನೇ ಕೆತ್ತಿದ್ದಾರೆ. ಕೆತ್ತಿಸಿದವರು ಹಿಟ್ಟೈಟ್ ದೊರೆಗಳು, ದೇವರ ಹೆಸರು ಹುರ್ರಿಯನ್, ಹೆಸರು ಬರೆದ ಚಿತ್ರಲಿಪಿ ಲುವಿಯನ್ನರದು. ಎದುರು ಸಾಲುಗಳ ನಡುವೆ ಗಂಡ ಹೆಂಡತಿ ಮುಖಾಮುಖಿ ನಿಂತಿರುವ ಜಾಗ ಹುಡುಕಿ. ನಮ್ಮ ಒಪ್ಪಂದದ ಮೊದಲ ಸಾಕ್ಷಿ ತೇಶುಬ್ ಅಲ್ಲಿದ್ದಾನೆ, ಎದುರಿಗೆ ಅವನ ಹೆಂಡತಿ ಹೆಪತ್.

- ಸಂಪಾದಕ